ದುಬಾರಿ ಮದರ್‌ಬೋರ್ಡ್ ಹಾಕಿದರೆ ಗೇಮ್ ಜೋರಾಗಿ ಓಡುತ್ತಾ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ಮೊದಲ ಸಲ ನಾನೇ ಗೇಮಿಂಗ್ ಪಿಸಿ ಜೋಡಿಸಬೇಕು ಅಂದುಕೊಂಡಿದ್ದೇನೆ. 1440ಪಿ, 165 ಹರ್ಟ್ಜ್‌ನ ಮಾನಿಟರ್ ಆಗಲೇ ಕೊಂಡಾಗಿದೆ. ಗೆಳೆಯನೊಬ್ಬ ಮಾಡಿಕೊಟ್ಟ ಪಟ್ಟಿ ಹೀಗಿದೆ: ರೈಜನ್ 5 7600 ಪ್ರೊಸೆಸರ್, ಎಕ್ಸ್870ಇ ಮದರ್‌ಬೋರ್ಡ್, 8 ಜಿಬಿಯ ನಾಲ್ಕು ಡಿಡಿಆರ್5 ರ‍್ಯಾಮ್, 8 ಜಿಬಿ ಆರ್‌ಟಿಎಕ್ಸ್ 5060, 1000 ವ್ಯಾಟ್ ಪವರ್ ಸಪ್ಲೈ. ‘ಬೋರ್ಡೇ ಬುನಾದಿ, ಅಲ್ಲಿ ಜಿಪುಣತನ ಮಾಡಬೇಡ’ ಅಂತಾನೆ. ಹೌದಾ?

ಉತ್ತರ: ಮಾತು ಕೇಳಲು ಚೆನ್ನಾಗಿದೆ, ಪಟ್ಟಿ ಮಾತ್ರ ತಲೆಕೆಳಗಾಗಿದೆ. ಗೇಮ್‌ನ ಫ್ರೇಮ್‌ಗಳನ್ನು, ಅಂದರೆ ಪರದೆ ಮೇಲೆ ಒಂದರ ಹಿಂದೊಂದು ಬರುವ ಚಿತ್ರಗಳನ್ನು, ತಯಾರಿಸುವುದು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್. ಅದೇ ಪ್ರೊಸೆಸರ್, ಅದೇ ಕಾರ್ಡ್, ಅದೇ ರ‍್ಯಾಮ್ ಇಟ್ಟುಕೊಂಡು ಬೋರ್ಡ್ ಒಂದನ್ನೇ ಬದಲಿಸಿದರೆ ನಿಮ್ಮ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಬೋರ್ಡ್‌ನ ಕೆಲಸ ಮೂರೇ: ಪ್ರೊಸೆಸರ್‌ಗೆ ಸರಿಯಾಗಿ ಕರೆಂಟ್ ಕೊಡುವುದು, ಬೇಕಾದಷ್ಟು ಪೋರ್ಟ್ ಕೊಡುವುದು, ಮುಂದೆ ಹೊಸ ಪ್ರೊಸೆಸರ್ ಹಾಕಲು ಜಾಗ ಬಿಟ್ಟುಕೊಡುವುದು. ಇಷ್ಟು ಮಾಡಿದರೆ ಅದು ಒಳ್ಳೆಯ ಬೋರ್ಡ್.

ಎಕ್ಸ್870ಇ ತಗೊಂಡರೆ ಸಿಗುವುದೇನು? ಯುಎಸ್‌ಬಿ4 ಪೋರ್ಟ್, ಗ್ರಾಫಿಕ್ಸ್ ಕಾರ್ಡ್‌ಗೆ ಪಿಸಿಐಇ 5.0 (ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ಡೇಟಾ ದಾರಿ), ಪೋರ್ಟ್, ಸ್ಲಾಟ್‌ಗಳನ್ನು ನೋಡಿಕೊಳ್ಳುವ ಚಿಪ್‌ಸೆಟ್ ಚಿಪ್ ಒಂದರ ಬದಲು ಎರಡು, ಹಾಗಾಗಿ ಜಾಸ್ತಿ ಎಸ್‌ಎಸ್‌ಡಿ ಸ್ಲಾಟ್. ನಾಲ್ಕೈದು ಎಸ್‌ಎಸ್‌ಡಿ ಹಾಕಿ ವಿಡಿಯೋ ಎಡಿಟ್ ಮಾಡುವವರಿಗೆ ಇದು ಉಪಯೋಗಕ್ಕೆ ಬರುತ್ತೆ. ನಿಮಗೆ ಬಿ650 ಅಥವಾ ಬಿ850 ಬೋರ್ಡ್ ಧಾರಾಳ ಸಾಕು. ಪ್ರೊಸೆಸರ್ ಕೂರುವ ಸಾಕೆಟ್ ಎಲ್ಲದರಲ್ಲೂ ಒಂದೇ, ಎಎಮ್5. 2022ರಲ್ಲಿ ಬಂದ ಈ ಸಾಕೆಟ್‌ಗೆ 2027ರವರೆಗಾದರೂ ಹೊಸ ಪ್ರೊಸೆಸರ್ ಕೊಡುತ್ತೇವೆ ಎಂದು ಎಎಮ್‌ಡಿ ಹೇಳಿದೆ. ಇವತ್ತು 7600 ಹಾಕಿದ ಬಿ650 ಬೋರ್ಡ್‌ಗೆ ಮುಂದೊಂದು ದಿನ ಬಯಾಸ್ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ 9800ಎಕ್ಸ್3ಡಿ ಪ್ರೊಸೆಸರ್ ಕೂರಿಸಬಹುದು.

ಹಾಗಂತ ಕೈಗೆ ಸಿಕ್ಕಿದ ಬೋರ್ಡ್ ತರಬೇಡಿ. ಪೆಟ್ಟಿಗೆ ಮೇಲೆ ‘14+2 ಫೇಸ್’ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ವಿಆರ್‌ಎಮ್ ಲೆಕ್ಕ. ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ವೋಲ್ಟ್ ಆಸುಪಾಸಿಗೆ ಇಳಿಸುವ ಭಾಗ ಅದು. ರೈಜನ್ 5 7600 ಎಳೆದಾಡಿದರೂ 88 ವ್ಯಾಟ್ ದಾಟುವುದಿಲ್ಲ. ಸಾಧಾರಣ ವಿಆರ್‌ಎಮ್ ಕೂಡ ಇದನ್ನು ಆರಾಮಾಗಿ ನಿಭಾಯಿಸುತ್ತೆ. ಸಾಕೆಟ್‌ನ ಪಕ್ಕದಲ್ಲಿ ವಿಆರ್‌ಎಮ್ ಮೇಲೆ ಗಟ್ಟಿ ಲೋಹದ ಹೀಟ್‌ಸಿಂಕ್ ಇದೆಯಾ ಅಂತ ನೋಡಿ. ಏನೂ ಮುಚ್ಚದೆ ಬಿಟ್ಟಿರುವ ಬೋರ್ಡ್ ಬೇಡ.

ಪೋರ್ಟ್‌ಗಳನ್ನು ಎಣಿಸಿಯೇ ತಗೊಳ್ಳಿ. ಹಿಂದೆ ಎಷ್ಟು ಯುಎಸ್‌ಬಿ ಇದೆ? ಕೀಬೋರ್ಡ್, ಮೌಸ್, ಹೆಡ್‌ಸೆಟ್, ಕಂಟ್ರೋಲರ್ ಸೇರಿದರೆ ನಾಲ್ಕು ಆಗಲೇ ಭರ್ತಿ. ವೈಫೈ ಬೇಕಿದ್ದರೆ ಬೋರ್ಡ್‌ನಲ್ಲೇ ಇರಲಿ. ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಬಹಳ ಒಳ್ಳೆಯದು, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕಬಹುದು. ಇನ್ನೊಂದು ಕೆಲಸ ಯಾರೂ ಮಾಡುವುದಿಲ್ಲ, ನೀವು ಮಾಡಿ. ಬೋರ್ಡ್ ಕೊಳ್ಳುವ ಮೊದಲು ಕಂಪನಿಯ ವೆಬ್‌ಸೈಟ್‌ನಿಂದ ಅದರ ಮ್ಯಾನುಯಲ್ ಇಳಿಸಿಕೊಂಡು ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್‌ಗಳ ಪುಟ ಓದಿ. ‘ಈ ಸ್ಲಾಟ್ ಬಳಸಿದರೆ ಆ ಎರಡು ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ’ ಎಂಬಂಥ ಸಾಲು ಅಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರುತ್ತೆ. ಹಳೆಯ ಹಾರ್ಡ್‌ಡಿಸ್ಕ್ ಸಿಕ್ಕಿಸಿದ ಮೇಲೆ ಅದು ಕಾಣಲಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರಲ್ಲಿ ಅರ್ಧ ಜನ ಈ ಸಾಲು ಓದಿರುವುದಿಲ್ಲ.

ಬೋರ್ಡ್‌ನ ಗಾತ್ರದ ಬಗ್ಗೆ ಚಿಂತೆ ಬೇಡ. ಮೈಕ್ರೋ ಎಟಿಎಕ್ಸ್ 24.4 ಸೆಂ.ಮೀ. ಚೌಕ, ದೊಡ್ಡ ಎಟಿಎಕ್ಸ್ ಅದಕ್ಕಿಂತ 6 ಸೆಂ.ಮೀ. ಉದ್ದ, ಅಷ್ಟೇ. ಒಂದೇ ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ ಚಿಕ್ಕದೇ ಸಾಕು.

ಈಗ ರ‍್ಯಾಮ್. 8 ಜಿಬಿಯ ನಾಲ್ಕನ್ನು ಬಿಟ್ಟು 16 ಜಿಬಿಯ ಎರಡು ತಗೊಳ್ಳಿ. ಇದು ಬರೀ ಸ್ಲಾಟ್ ಉಳಿಸುವ ಮಾತಲ್ಲ. ಡಿಡಿಆರ್5ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಕುಸಿಯುತ್ತೆ. ರೈಜನ್ 7000 ಸರಣಿಗೆ ಎರಡು ಸ್ಟಿಕ್ ಹಾಕಿದಾಗ ಎಎಮ್‌ಡಿ ಅಧಿಕೃತವಾಗಿ ಹೇಳುವ ವೇಗ 5200, ನಾಲ್ಕು ಹಾಕಿದಾಗ 3600. ಆಮೇಲೆ ‘ಇನ್ನೆರಡು ಸೇರಿಸಿದರಾಯ್ತು’ ಅನ್ನುವ ಯೋಚನೆಯೂ ಬೇಡ. ಈ ಪ್ರೊಸೆಸರ್‌ಗಳಿಗೆ 6000 ವೇಗದ, ಸಿಎಲ್30 ಎಂದು ಬರೆದಿರುವ ಜೋಡಿ ಚೆನ್ನಾಗಿ ಹೊಂದುತ್ತೆ. ಹಾಕಿದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಪೋ ಎಂಬ ಸೆಟ್ಟಿಂಗ್ ಆನ್ ಮಾಡಲೇಬೇಕು. ಮಾಡದಿದ್ದರೆ 6000ದ ರ‍್ಯಾಮ್ ಸುಮ್ನೆ 4800ರಲ್ಲಿ ಓಡುತ್ತಿರುತ್ತೆ, ನಿಮಗೆ ಗೊತ್ತೂ ಆಗುವುದಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಮೇಲೆ ಒತ್ತಿದರೆ ವೇಗ ಕಾಣುತ್ತೆ, ನೋಡಿಕೊಳ್ಳಿ.

ಬೋರ್ಡ್ ಮತ್ತು ಪವರ್ ಸಪ್ಲೈಯಲ್ಲಿ ಉಳಿದ ದುಡ್ಡನ್ನೆಲ್ಲ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ. ನಿಮ್ಮ ಮಾನಿಟರ್ 1440ಪಿ. ಹೊಸ ಗೇಮ್‌ಗಳಲ್ಲಿ ಟೆಕ್ಸ್‌ಚರ್ (ಗೋಡೆ, ನೆಲ, ಬಟ್ಟೆಗಳ ಮೇಲ್ಮೈ ಚಿತ್ರ) ಹೈನಲ್ಲಿ ಇಟ್ಟರೆ ಕಾರ್ಡ್‌ನ 8 ಜಿಬಿ ಮೆಮೊರಿ ತುಂಬಿ ತುಳುಕುತ್ತೆ. ತುಂಬಿದ ಮೇಲೆ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಚೆನ್ನಾಗೇ ತೋರಿಸಬಹುದು, ಆದರೆ ತಿರುಗಿದಾಗೆಲ್ಲ ಆಟ ಝರ್ ಅಂತ ಸಿಕ್ಕಿಕೊಳ್ಳುತ್ತೆ. 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಅಥವಾ 16 ಜಿಬಿಯ ಆರ್‌ಟಿಎಕ್ಸ್ 5060 ಟಿಐ ನೋಡಿ. ಎರಡೂ 8 ಜಿಬಿಯಲ್ಲೂ ಬರುತ್ತವೆ, ಹೆಸರು ಒಂದೇ. ಪೆಟ್ಟಿಗೆ ಮೇಲಿನ ಅಂಕಿ ಓದಿಯೇ ಒಪ್ಪಿಕೊಳ್ಳಿ.

5060 ಟಿಐ 180 ವ್ಯಾಟ್, ಪ್ರೊಸೆಸರ್ 88, ಫ್ಯಾನು, ಎಸ್‌ಎಸ್‌ಡಿ, ಬೋರ್ಡ್ ಎಲ್ಲ ಸೇರಿ ಇನ್ನೊಂದು 60–80. ಒಟ್ಟು 350 ಕೂಡ ದಾಟುವುದಿಲ್ಲ. ಒಳ್ಳೆಯ 650 ವ್ಯಾಟ್ ಸಾಕು, ಮುಂದೆ ದೊಡ್ಡ ಕಾರ್ಡ್ ಹಾಕುವ ಆಸೆ ಇದ್ದರೆ 750. ‘80 ಪ್ಲಸ್ ಗೋಲ್ಡ್’ ನೋಡಿ ಮರುಳಾಗಬೇಡಿ. ಕರೆಂಟ್ ಎಷ್ಟು ವ್ಯರ್ಥವಾಗುತ್ತೆ ಅನ್ನುವುದಷ್ಟೇ ಅದರಿಂದ ತಿಳಿಯುತ್ತೆ. ಒಳಗಿನ ಬಿಡಿಭಾಗ ಎಂಥದ್ದು ಅನ್ನುವುದು ವಿವರವಾದ ರಿವ್ಯೂ ಓದಿದರೇ ಗೊತ್ತಾಗುವುದು. ಹಳೆಯ ಪವರ್ ಸಪ್ಲೈಯ ಬಿಡಿ ಕೇಬಲ್‌ಗಳನ್ನು ಹೊಸದಕ್ಕೆ ಯಾವತ್ತೂ ಸಿಕ್ಕಿಸಬೇಡಿ. ಪವರ್ ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಪ್ಲಗ್ ಸರಾಗವಾಗಿ ಒಳಗೆ ಹೋಗುತ್ತೆ, ಎಸ್‌ಎಸ್‌ಡಿ ಸುಟ್ಟು ಹೋಗುತ್ತೆ.

ಪ್ರಶ್ನೆ: ನನ್ನದು ಹಳೆಯ ಬಿ450 ಬೋರ್ಡ್, ರೈಜನ್ 5 2600. ಗೇಮ್‌ಗಳು ಎಳೆಯುತ್ತಿವೆ. ಬೋರ್ಡ್, ರ‍್ಯಾಮ್ ಎಲ್ಲ ಬದಲಿಸದೆ ಏನಾದರೂ ಮಾಡಬಹುದಾ?

ಉತ್ತರ: ಖಂಡಿತ. ಮೊದಲು ತಡೆ ಎಲ್ಲಿದೆ ಪತ್ತೆ ಮಾಡಿ. ನೀವು ಆಡುವ ಗೇಮ್‌ನಲ್ಲೇ ರೆಸಲ್ಯೂಷನ್ ಇಳಿಸಿ ನೋಡಿ. ಎಫ್‌ಪಿಎಸ್ ಏರಿದರೆ ಗ್ರಾಫಿಕ್ಸ್ ಕಾರ್ಡ್ ಸುಸ್ತಾಗಿತ್ತು ಅಂತ ಅರ್ಥ. ಇದ್ದಲ್ಲೇ ಇದ್ದರೆ ಪ್ರೊಸೆಸರ್.

ಪ್ರೊಸೆಸರ್ ಆಗಿದ್ದರೆ ಅದೇ ಬೋರ್ಡ್‌ಗೆ ರೈಜನ್ 5 5600 ಅಥವಾ 5700ಎಕ್ಸ್ ಹಾಕಿ. ಸೆಕೆಂಡ್‌ಹ್ಯಾಂಡ್ ಆಗಿಯಾದರೂ 5700ಎಕ್ಸ್3ಡಿ, 5800ಎಕ್ಸ್3ಡಿ ಸಿಕ್ಕರೆ ಬಿಡಬೇಡಿ. ಅವುಗಳಲ್ಲಿ 96 ಎಂಬಿ ಎಲ್3 ಕ್ಯಾಶೆ (ಪ್ರೊಸೆಸರ್ ಒಳಗೇ ಇರುವ ಅತಿ ವೇಗದ ಮೆಮೊರಿ) ಇದೆ, ಗೇಮ್‌ಗೆ ಹೇಳಿ ಮಾಡಿಸಿದಂತಿವೆ. ಬಯಾಸ್ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಿಕೊಳ್ಳಿ, ಹೊಸದು ಹಾಕಿದ ಮೇಲೆ ಹಳೆಯ ಬಯಾಸ್ ಅದನ್ನು ಗುರುತಿಸದೇ ಹೋಗಬಹುದು.

ಕೂಲರ್ ಬಿಚ್ಚುವಾಗ ಮಾತ್ರ ಹುಷಾರು. ನಿಮ್ಮ ಬೋರ್ಡ್‌ನ ಸಾಕೆಟ್ ಎಎಮ್4, ಅದರ ಪ್ರೊಸೆಸರ್‌ನ ಕೆಳಗೇ ಪಿನ್‌ಗಳಿರುತ್ತವೆ. ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಅಂಟಿನಂತೆ ಹಿಡಿದಿರುತ್ತೆ. ನೇರವಾಗಿ ಮೇಲಕ್ಕೆ ಎಳೆದರೆ ಲಾಕ್ ಹಾಕಿರುವ ಸಾಕೆಟ್‌ನಿಂದ ಪ್ರೊಸೆಸರ್ ಕೂಲರ್ ಸಮೇತ ಕಿತ್ತು ಬರುತ್ತೆ, ಪಿನ್ ಬಾಗುತ್ತೆ. ಹತ್ತು ನಿಮಿಷ ಯಾವುದಾದರೂ ಗೇಮ್ ಓಡಿಸಿ ಪೇಸ್ಟ್ ಬೆಚ್ಚಗಾಗಲಿ. ಆಫ್ ಮಾಡಿ, ಪ್ಲಗ್ ತೆಗೆದು, ಕೂಲರ್ ಸ್ಕ್ರೂ ಸಡಿಲಿಸಿ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ. ಅಂಟು ಬಿಟ್ಟಿದ್ದು ಕೈಗೇ ಗೊತ್ತಾಗುತ್ತೆ. ಆಮೇಲೆ ಎತ್ತಿ.

ಕಾರ್ಡೂ ಬದಲಿಸುವುದಾದರೆ ಒಂದು ವಿಷಯ. ಬಿ450ರಲ್ಲಿರುವುದು ಪಿಸಿಐಇ 3.0. ಆರ್‌ಟಿಎಕ್ಸ್ 5060, 5060 ಟಿಐ ಆ ದಾರಿಯ ಹದಿನಾರು ಲೇನ್‌ಗಳಲ್ಲಿ (ಸಾಲುಗಳಲ್ಲಿ) ಎಂಟನ್ನೇ ಬಳಸುತ್ತವೆ, ಆರ್‌ಎಕ್ಸ್ 9060 ಎಕ್ಸ್‌ಟಿ ಹದಿನಾರೂ ಬಳಸುತ್ತೆ. ಹಳೆಯ ಬೋರ್ಡ್‌ನಲ್ಲಿ, ಅದರಲ್ಲೂ ಕಾರ್ಡ್‌ನ ಮೆಮೊರಿ ತುಂಬಿದಾಗ, ಈ ವ್ಯತ್ಯಾಸ ಎದ್ದು ಕಾಣುತ್ತೆ. ನಿಮ್ಮ ಜಾಗದಲ್ಲಿ ನಾನಿದ್ದರೆ 16 ಜಿಬಿಯ 9060 ಎಕ್ಸ್‌ಟಿ ತಗೊಳ್ಳುತ್ತಿದ್ದೆ.

ಪ್ರಶ್ನೆ: ಪರಿಚಯದವರೊಬ್ಬರು ಕೋರ್ ಐ7-13700ಕೆ ಪ್ರೊಸೆಸರನ್ನು ಬೋರ್ಡ್ ಸಮೇತ ಕಡಿಮೆಗೆ ಕೊಡುತ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಪರೀಕ್ಷೆ ಮಾಡದೆ ತಗೊಳ್ಳಬೇಡಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅತಿಯಾದ ವೋಲ್ಟೇಜ್‌ನಿಂದ ಚಿಪ್ ಹಾಳಾಗುವ ತೊಂದರೆ ಇದೆ ಎಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೋಕೋಡ್ (ಬಯಾಸ್ ಮೂಲಕ ಬರುವ ಪ್ರೊಸೆಸರ್‌ನ ಒಳ ಸಾಫ್ಟ್‌ವೇರ್) ಬಂತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿದರು. ಆದರೆ ಆ ಅಪ್‌ಡೇಟ್ ಮುಂದಿನ ಹಾನಿ ತಡೆಯುತ್ತೆ, ಆಗಲೇ ಹಾಳಾದ ಚಿಪ್ ಸರಿಹೋಗುವುದಿಲ್ಲ.

ಅವರ ಮನೆಯಲ್ಲೇ ಕೂತು ಅನ್‌ರಿಯಲ್ ಎಂಜಿನ್‌ನ ಗೇಮ್ ಒಂದನ್ನು ತೆರೆಸಿ. ಶುರುವಿನಲ್ಲಿ ಶೇಡರ್ (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುವಾಗ ಗೇಮ್ ಮುಚ್ಚಿಕೊಂಡರೆ, ಕಾರ್ಡ್‌ನಲ್ಲಿ ಬೇಕಾದಷ್ಟು ಮೆಮೊರಿ ಇದ್ದೂ ‘ವಿಡಿಯೋ ಮೆಮೊರಿ ಸಾಲದು’ ಎಂಬ ಸಂದೇಶ ಬಂದರೆ, ನಮಸ್ಕಾರ ಹೇಳಿ ಎದ್ದು ಬನ್ನಿ. ತೊಂದರೆ ಗ್ರಾಫಿಕ್ಸ್ ಕಾರ್ಡ್‌ನದ್ದು ಅಂತ ಕಾಣುತ್ತೆ, ಹುಳುಕು ಇರುವುದು ಪ್ರೊಸೆಸರ್‌ನಲ್ಲಿ. ಎಲ್ಲ ಸರಿ ಇದ್ದರೆ ಬಯಾಸ್ ಯಾವ ದಿನಾಂಕದ್ದು, ವಾರಂಟಿ ಬಿಲ್ ಇದೆಯಾ, ಬೋರ್ಡ್ ಡಿಡಿಆರ್4ದೋ ಡಿಡಿಆರ್5ದೋ ಕೇಳಿ. ಎರಡಕ್ಕೂ ಕಚ್ಚು ಇರುವ ಜಾಗ ಬೇರೆ ಬೇರೆ, ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ. 13700ಕೆ ಕೂರುವ ಸಾಕೆಟ್‌ನ ಕಥೆ 14ನೇ ತಲೆಮಾರಿಗೆ ಮುಗಿದಿದೆ, ಮುಂದೆ ಅಪ್‌ಗ್ರೇಡ್ ಅಂದರೆ ಬೋರ್ಡ್ ಸಮೇತ. ಬೆಲೆ ಮಾತಾಡುವಾಗ ಇದೂ ಲೆಕ್ಕಕ್ಕಿರಲಿ.

ಪ್ರಶ್ನೆ: ರೈಜನ್ 5 7600ಗೆ ಲಿಕ್ವಿಡ್ ಕೂಲರ್ ಬೇಕಾ?

ಉತ್ತರ: ಬೇಡ. ಪೆಟ್ಟಿಗೆಯಲ್ಲಿ ಬರುವ ಕೂಲರ್ ಸಾಕು. ಸದ್ದು ಕಡಿಮೆ ಇರಬೇಕು ಅನಿಸಿದರೆ ಸಾಧಾರಣ ಟವರ್ ಕೂಲರ್ ಹಾಕಿ. ದೀಪದ ಸೊಬಗಿಗೆ ಬೇಕು ಅನ್ನುವುದಾದರೆ ಅದು ನಿಮ್ಮಿಷ್ಟ.

ಪ್ರಶ್ನೆ: ಎಎಮ್5 ಬೋರ್ಡ್, ರೈಜನ್ 7600, ಎರಡು ರ‍್ಯಾಮ್, ಎಲ್ಲ ಜೋಡಿಸಿ ಆನ್ ಮಾಡಿದೆ. ಫ್ಯಾನ್ ತಿರುಗುತ್ತವೆ, ದೀಪ ಉರಿಯುತ್ತೆ, ಪರದೆ ಮಾತ್ರ ಕಪ್ಪು. ಬೋರ್ಡ್ ಕೆಟ್ಟಿದೆಯಾ?

ಉತ್ತರ: ಗಾಬರಿ ಬೇಡ. ಎಷ್ಟು ಹೊತ್ತು ಕಾದಿರಿ? ಎಎಮ್5 ಬೋರ್ಡ್‌ಗಳು ಮೊದಲ ಸಲ ಆನ್ ಆದಾಗ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತವೆ, ಅಲ್ಲಿಯವರೆಗೆ ಪರದೆ ಕಪ್ಪಾಗಿಯೇ ಇರುತ್ತೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅಂತಾರೆ. ಅರ್ಧದಲ್ಲಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಆನ್ ಮಾಡಿ ಕಾಲು ಗಂಟೆ ಮುಟ್ಟಬೇಡಿ.

ಆಮೇಲೂ ಬರದಿದ್ದರೆ ಮಾನಿಟರ್ ಕೇಬಲ್ ನೋಡಿ. ಅದು ಗ್ರಾಫಿಕ್ಸ್ ಕಾರ್ಡ್‌ಗೇ ಹೋಗಬೇಕು, ಮೇಲೆ ಬೋರ್ಡ್‌ನಲ್ಲಿರುವ ಎಚ್‌ಡಿಎಂಐಗೆ ಅಲ್ಲ. ನಂತರ ಬೋರ್ಡ್‌ನ ಅಂಚಿನಲ್ಲಿರುವ ನಾಲ್ಕು ಪುಟ್ಟ ದೀಪಗಳನ್ನು ಗಮನಿಸಿ: ಸಿಪಿಯು (ಪ್ರೊಸೆಸರ್), ಡಿರ‍್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್ ಕಾರ್ಡ್), ಬೂಟ್ (ವಿಂಡೋಸ್ ಇರುವ ಡ್ರೈವ್). ಯಾವುದು ಉರಿದು ನಿಂತಿದೆಯೋ ತೊಂದರೆ ಅಲ್ಲಿದೆ. ಸಿಪಿಯು ದೀಪ ಆದರೆ ಬೋರ್ಡ್‌ನ ಮೇಲಿನ ಎಡ ಮೂಲೆಗೆ ಬರಬೇಕಾದ 8 ಪಿನ್ ಕೇಬಲ್ ಮರೆತಿರಬಹುದು, ಮೂಲೆಯಲ್ಲಿ ಇರುವುದರಿಂದ ಬಹಳ ಜನಕ್ಕೆ ಕಣ್ಣು ತಪ್ಪುತ್ತೆ. ಡಿರ‍್ಯಾಮ್ ಆದರೆ ಎರಡೂ ಸ್ಟಿಕ್ ತೆಗೆದು, ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಕೂರಿಸಿ. ಈಗಿನ ಎಷ್ಟೋ ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತೆ. ಆ ಕಡೆ ‘ಟಕ್’ ಅಂದರೂ ಇನ್ನೊಂದು ತುದಿ ಕೂದಲೆಳೆಯಷ್ಟು ಎದ್ದಿರಬಹುದು. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ.

ಅದೂ ಆಗದಿದ್ದರೆ ಗ್ರಾಫಿಕ್ಸ್ ಕಾರ್ಡನ್ನೇ ತೆಗೆದಿಟ್ಟು, ಒಂದೇ ರ‍್ಯಾಮ್ ಹಾಕಿ, ಮಾನಿಟರನ್ನು ಬೋರ್ಡ್‌ಗೆ ಸಿಕ್ಕಿಸಿ ನೋಡಿ. 7600ರಲ್ಲಿ ಪುಟ್ಟ ಗ್ರಾಫಿಕ್ಸ್ ಇದೆ, 7500ಎಫ್ ಥರ ಹೆಸರಿನ ಕೊನೆಗೆ ‘ಎಫ್’ ಇರುವುದರಲ್ಲಿ ಇರುವುದಿಲ್ಲ. ಚಿತ್ರ ಬಂದರೆ ಕಾರ್ಡ್ ಅಥವಾ ಅದರ ಪವರ್ ಕೇಬಲ್ ಕಡೆ ತೊಂದರೆ. ಆಗಲೂ ಕಪ್ಪಾಗಿದ್ದರೆ ಪ್ಲಗ್ ಕಿತ್ತು, ಬೋರ್ಡ್‌ನ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಕೊನೆಗೆ ಪ್ರೊಸೆಸರ್ ತೆಗೆದು ಸಾಕೆಟ್ ಮೇಲೆ ಓರೆಯಾಗಿ ಟಾರ್ಚ್ ಬೆಳಕು ಬಿಡಿ. ಎಎಮ್5ನಲ್ಲಿ ಪಿನ್ ಇರುವುದು ಬೋರ್ಡ್‌ನಲ್ಲಿ. ಒಂದೇ ಒಂದು ಬಾಗಿದ್ದರೂ ಆ ಜಾಗದಲ್ಲಿ ಹೊಳಪು ಬೇರೆಯಾಗಿ ಕಾಣುತ್ತೆ. ಕಂಡರೆ ನೀವೇ ನೆಟ್ಟಗೆ ಮಾಡಲು ಹೋಗಬೇಡಿ, ಫೋಟೋ ತೆಗೆದುಕೊಂಡು ಕೊಂಡವರ ಹತ್ತಿರ ಹೋಗಿ.