ಆರ್ಲಿಸ್ಟಾಟ್ ಇರುವ ಬೊಜ್ಜನ್ನು ಕರಗಿಸುತ್ತಾ?

"ಡಾಕ್ಟರ್ ಆರ್ಲಿಸ್ಟಾಟ್ 120 ಮಿ.ಗ್ರಾಂ. ಬರೆದುಕೊಟ್ಟಿದ್ದಾರೆ. ಇದು ಹೊಟ್ಟೆಯ ಬೊಜ್ಜು ಕರಗಿಸುತ್ತಾ? ಟಾಯ್ಲೆಟ್‌ನಲ್ಲಿ ಎಣ್ಣೆ ತೇಲುತ್ತಿದೆ, ಭಯ ಆಗ್ತಿದೆ" ಅಂತ ಕೇಳಿದ್ದೀರಿ.

ಕರಗಿಸುವುದಿಲ್ಲ ಮೇಡಂ. ತೂಕ ಇಳಿಸಲು ಕೊಡುವ ಈ ಮಾತ್ರೆ ಕೆಲಸ ಮಾಡುವುದು ಜಠರ, ಕರುಳಿನೊಳಗೆ, ಅದೂ ಆ ಹೊತ್ತಿನ ಊಟದ ಮೇಲೆ ಮಾತ್ರ. ನಾವು ತಿಂದ ಎಣ್ಣೆ, ತುಪ್ಪ ಇದ್ದ ಹಾಗೇ ಮೈಗೆ ಸೇರಲ್ಲ. ಲೈಪೇಸ್ ಎಂಬ ಕಿಣ್ವ ಅದನ್ನು ಚೂರು ಮಾಡಬೇಕು. ಆರ್ಲಿಸ್ಟಾಟ್ ಹೋಗಿ ಆ ಲೈಪೇಸ್‌ಗೇ ಅಂಟಿಕೊಳ್ಳುತ್ತದೆ. ಆಗ ಊಟದ ಕೊಬ್ಬಿನಲ್ಲಿ ಸುಮಾರು ಶೇ. 30ರಷ್ಟು ಜೀರ್ಣವಾಗದೆ ಹೊರಗೆ ಹೋಗುತ್ತದೆ. ನೀವು ನೋಡಿದ ಎಣ್ಣೆ ಅದೇ. ಕರಿದದ್ದು ಜಾಸ್ತಿ ತಿಂದರೆ ಅದೂ ಜಾಸ್ತಿ. ಅರ್ಜೆಂಟಾಗಿ ಓಡಬೇಕಾಗುವುದೂ ಇದಕ್ಕೇ.

ಹೋಳಿಗೆ ತಿಂದಿರಿ ಅನ್ನಿ. ಮೇಲೆ ಸುರಿದ ತುಪ್ಪದಲ್ಲಿ ಒಂದು ಪಾಲು ತಪ್ಪುತ್ತದೆ. ಬೆಲ್ಲ, ಬೇಳೆ, ಮೈದಾಕ್ಕೆ ಯಾವ ತಡೆಯೂ ಇಲ್ಲ. ಊಟ ಬದಲಾಯಿಸದೆ ಸುಮ್ನೆ ಮಾತ್ರೆ ನುಂಗಿದರೆ ತೂಕ ಅಷ್ಟೇನೂ ಇಳಿಯಲ್ಲ. ಎಣ್ಣೆಯೇ ಇಲ್ಲದ ಊಟವಾದರೆ ಆ ಹೊತ್ತಿನ ಮಾತ್ರೆ ಬೇಡ.

ಇನ್ನೊಂದು ಮುಖ್ಯ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆಗೇ ಮೈಗೆ ಸೇರುವಂಥವು, ಅವೂ ಕಡಿಮೆಯಾಗಬಹುದು. ಮಲ್ಟಿವಿಟಮಿನ್ ಮಲಗುವಾಗ ತಗೊಳ್ಳಿ. ಥೈರಾಯ್ಡ್ ಮಾತ್ರೆ ಇದ್ದರೆ ನಡುವೆ 4 ಗಂಟೆ ಬಿಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಡಾಕ್ಟರಿಗೆ ಇವತ್ತೇ ಹೇಳಿ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ತೋರಿಸಿ.