ಹಿಟ್ಟು ವಾಪಸ್ ಕಳಿಸಿದ ಸಿಸ್ಟರ್

ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಹೆಸರು ಬೇಡ, ಸಿಸ್ಟರ್ ಅಂದರೆ ಸಾಕು.

ಕಳೆದ ವರ್ಷ ಜುಲೈನಲ್ಲಿ, ಮಳೆ ಹಿಡಿದ ಒಂದು ಮಧ್ಯಾಹ್ನ ಬಂದರು. ಅವರು ಮಂಗಳೂರು ಕಡೆಯ ಕ್ಯಾಥೊಲಿಕ್ ಸನ್ಯಾಸಿನಿ, ಓದಿದ್ದು ನರ್ಸಿಂಗ್. ಹನ್ನೊಂದು ವರ್ಷದಿಂದ ತಾಂಜಾನಿಯಾದ ಒಳನಾಡಿನ ಹಳ್ಳಿಯೊಂದರಲ್ಲಿ ಚಿಕ್ಕ ದವಾಖಾನೆ ನೋಡಿಕೊಳ್ಳುತ್ತಿದ್ದಾರೆ. ಮೂರು ತಿಂಗಳ ರಜೆಗೆ ಊರಿಗೆ ಬಂದಿದ್ದರು. ಹೊಟ್ಟೆ ಉರಿ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಆಮೇಲೆ ನಿದ್ದೆ ಇಲ್ಲ. ರಕ್ತ, ಥೈರಾಯ್ಡ್, ಎಂಡೋಸ್ಕೋಪಿ, ಮಲೇರಿಯಾ ಎಲ್ಲ ನೋಡಿದರೂ ಏನೂ ಸಿಗದೆ ಡಾಕ್ಟರು, ಕೌನ್ಸೆಲರ್ ಆಗಿರುವ ನನ್ನ ಹತ್ತಿರ ಕಳಿಸಿದ್ದರು. ಕೂತವರೇ ಹೇಳಿದರು, "ಮೇಡಂ, ನಂಗೇನೂ ತೊಂದರೆ ಇಲ್ಲ. ಡಾಕ್ಟ್ರು ಹೇಳಿದ್ರು ಅಂತ ಬಂದೆ ಅಷ್ಟೆ."

ಹೀಗೆ ಹೇಳುವವರನ್ನು ನಾನು ಸ್ವಲ್ಪ ಜಾಸ್ತಿ ಹೊತ್ತೇ ಕೂರಿಸಿಕೊಳ್ಳುತ್ತೇನೆ.

ನಾನು ಹಾಸನದ ಕಡೆಯವಳು. ಮಿಷನರಿ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಗಡ್ಡ ಬಿಟ್ಟ ಜರ್ಮನ್ನರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1843ರ ಮಂಗಳೂರ ಸಮಾಚಾರ, 1894ರ ಕಿಟೆಲ್ ನಿಘಂಟು, ಇಷ್ಟೇ. ಅವರೆಲ್ಲ ಅಲ್ಲಿಂದ ಇಲ್ಲಿಗೆ ಬಂದವರು. ಇಲ್ಲಿಂದ ಹೊರಡುವವರೂ ಇದ್ದಾರೆ ಅಂತ ಗೊತ್ತಾಗಿದ್ದು ನಾನು ಕರಾವಳಿಗೆ ಬಂದ ಮೇಲೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಆಫ್ರಿಕಾದಲ್ಲೋ ಜರ್ಮನಿಯಲ್ಲೋ ಇರುವ ಪಾದ್ರಿಯ, ಸಿಸ್ಟರ್‌ನ ಫೋಟೊ ಗೋಡೆ ಮೇಲಿರುತ್ತದೆ. ಮನೆಯವರಿಗೆ ಹೆಮ್ಮೆಯೂ ಇರುತ್ತದೆ. ಆದರೆ ಅಲ್ಲಿ ಅವರು ಬೆಳಿಗ್ಗೆಯಿಂದ ರಾತ್ರಿವರೆಗೆ ಏನು ಮಾಡ್ತಾರೆ ಅಂತ ಕೇಳಿ ನೋಡಿ. "ಸೇವೆ" ಅಂತಾರೆ.

ಹಾಗಾಗಿ ಮೊದಲ ದಿನ ಅದನ್ನೇ ಕೇಳಿದೆ. ಒಂದು ದಿನ ಪೂರ್ತಿ ಹೇಳಿ, ಎದ್ದಾಗಿನಿಂದ. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ ಅಂದರು. ಕೇಳಿದ್ದೇ ತಡ, ಮುಕ್ಕಾಲು ಗಂಟೆ ಮಾತಾಡಿದರು.

ನಾಲ್ಕೂಮುಕ್ಕಾಲಿಗೆ ಏಳುವುದು. ಪ್ರಾರ್ಥನೆ, ಪಾದ್ರಿ ಬಂದ ದಿನ ಬಲಿಪೂಜೆ, ಅಂದರೆ ಚರ್ಚಿನ ಮಾಸ್. ಬಾಗಿಲು ತೆಗೆಯುವ ಹೊತ್ತಿಗೆ ಹೊರಗೆ ಕಾಂಗಾ ಬಟ್ಟೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರ ಸಾಲು. ಹೆಚ್ಚಿನದು ಜ್ವರ. ಬೆರಳು ಚುಚ್ಚಿ ಒಂದು ಹನಿ ರಕ್ತ ಕಿಟ್‌ಗೆ ಹಾಕಿ ಹದಿನೈದು, ಇಪ್ಪತ್ತು ನಿಮಿಷ ಕಾಯಬೇಕು. ಮಲೇರಿಯಾ ಅಂತ ಬಂದರೆ ಅಲ್ಲಿನವರು ಮ್ಸೆಟೊ ಅನ್ನುವ ಜೋಡಿ ಔಷಧದ ಮಾತ್ರೆ. ದೊಡ್ಡವರಿಗೆ ಒಂದು ಸಲಕ್ಕೆ 4, ದಿನಕ್ಕೆ ಎರಡು ಸಲ, ಮೂರು ದಿನ, ಒಟ್ಟು 24. ಎರಡನೇ ದಿನಕ್ಕೆ ಜ್ವರ ಬಿಡುತ್ತದೆ, ಉಳಿದ ಮಾತ್ರೆ ಮುಂದಿನ ಸಲಕ್ಕೆ ಅಂತ ಡಬ್ಬಿ ಸೇರುತ್ತದೆ. ಆ ಡಬ್ಬಿಯ ಜೊತೆ ನನ್ನ ಹನ್ನೊಂದು ವರ್ಷದ ಜಗಳ ಅಂದರು. ಲಸಿಕೆಯ ಫ್ರಿಜ್ ಸೋಲಾರ್‌ನದ್ದು, 2ರಿಂದ 8 ಡಿಗ್ರಿ ಒಳಗೆ ಇರಬೇಕು, ಮೋಡದ ದಿನ ರಾತ್ರಿ ಎರಡು ಸಲ ಎದ್ದು ನೋಡಬೇಕು. ಹೆರಿಗೆಗಳು ರಾತ್ರಿಯೇ ಬರುತ್ತವೆ. ತೊಡಕಾದರೆ ದೊಡ್ಡಾಸ್ಪತ್ರೆಗೆ ಮಣ್ಣುರಸ್ತೆ, ಮಳೆಗಾಲದಲ್ಲಿ ಅದೂ ಇಲ್ಲ. ಇದರ ಮಧ್ಯೆ ಸ್ಟಾಕ್ ರಿಜಿಸ್ಟರ್, ಸರ್ಕಾರಿ ರಿಪೋರ್ಟು, ರೆಸಿಡೆನ್ಸ್ ಪರ್ಮಿಟ್ ಓಡಾಟ. ನರ್ಸ್ ಅಂತ ಇರುವುದು ಇವರೊಬ್ಬರೇ. ಜೊತೆಗಿರುವ ಇಬ್ಬರು ಸಿಸ್ಟರ್‌ಗಳು, ಒಬ್ಬರು ಅಲ್ಲಿನವರು, ಒಬ್ಬರು ಕೀನ್ಯಾದವರು, ಶಿಶುವಿಹಾರ ಮತ್ತು ಹಿತ್ತಿಲು ನೋಡಿಕೊಳ್ಳುತ್ತಾರೆ.

ಊಟಕ್ಕೆ ದಿನಾ ಉಗಾಲಿ, ಮೆಕ್ಕೆಜೋಳದ ಹಿಟ್ಟಿನದು. "ನಮ್ಮ ಮುದ್ದೆಯ ಬಿಳಿ ತಂಗಿ ಅನ್ನಿ" ಅಂದೆ. "ಮಂಗಳೂರಿನವರಿಗೆ ನಿಮ್ಮ ಮುದ್ದೆನೂ ಕಷ್ಟವೇ ಮೇಡಂ" ಅಂತ ನಕ್ಕರು. ಅವತ್ತು ನಕ್ಕಿದ್ದು ಅದೊಂದೇ ಸಲ.

ಎರಡನೇ ವಾರ ನಾನೊಂದು ತಪ್ಪು ಮಾಡಿದೆ. ಇಷ್ಟೆಲ್ಲ ಕೇಳಿದ ಮೇಲೆ, "ಇಲ್ಲಿಗೇ ವರ್ಗ ಕೇಳಬಹುದಲ್ಲ" ಅಂದುಬಿಟ್ಟೆ. ಮುಖ ಮುಚ್ಚಿಕೊಂಡ ಹಾಗಾಯಿತು. ಮುಂದಿನ ವಾರ ಬರಲಿಲ್ಲ. ಸುಸ್ತಾಗಿದೆ ಅನ್ನುವವರಿಗೆ ಕೆಲಸ ಬಿಡಿ ಅನ್ನುವುದು ಸುಲಭ, ಕಾಲು ನೋವು ಅನ್ನುವವರಿಗೆ ನಡೆಯಬೇಡಿ ಅಂದ ಹಾಗೆ. ಅವರಿಗೆ ಆ ಕೆಲಸ ಬಿಡಬೇಕಿರಲಿಲ್ಲ. ಫೋನ್ ಮಾಡಿ, ನಾನು ಹೇಳಿದ್ದು ತಪ್ಪು, ಬನ್ನಿ ಅಂದೆ. ಬಂದರು.

ಅಮ್ಮನ ವಿಷಯ ಬಂದಿದ್ದು ಆಗ. "ಹೋದ ಅಕ್ಟೋಬರ್‌ನಲ್ಲಿ ಅಮ್ಮ ತೀರಿಕೊಂಡರು. ಎರಡು ಗಂಟೆಗೆ ಫೋನ್ ಬಂತು. ಹೊರಗೆ ಮೂವತ್ತು ಜನ ಕೂತಿದ್ರು. ಫೋನ್ ಏಪ್ರನ್ ಜೇಬಿಗೆ ಹಾಕಿಕೊಂಡು ಕೆಲಸ ಮುಂದುವರಿಸಿದೆ." ನಾನು ಮಧ್ಯಾಹ್ನ ಎರಡು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅಲ್ಲಿನ ಸ್ವಾಹಿಲಿ ಭಾಷೆಯ ಲೆಕ್ಕದಲ್ಲಿ ಗಡಿಯಾರ ಸೂರ್ಯ ಹುಟ್ಟಿದ ಮೇಲೆ ಶುರು. ಬೆಳಿಗ್ಗೆ ಏಳು ಅಂದರೆ ಅವರಿಗೆ ಒಂದು, ಎಂಟು ಅಂದರೆ ಎರಡು. ಅಂದರೆ ಬೆಳಿಗ್ಗೆ ಎಂಟಕ್ಕೆ ಸುದ್ದಿ ತಿಳಿದವರು ಇಡೀ ದಿನ ರೋಗಿಗಳನ್ನು ನೋಡಿ, ರಾತ್ರಿ ಒಂದು ಹೆರಿಗೆಯನ್ನೂ ಮಾಡಿಸಿದ್ದಾರೆ.

ಊರಿಗೆ ಬರಲಿಲ್ಲ ಯಾಕೆ? ಒಂದು ದಿನದ ಬಸ್ಸು, ಆಮೇಲೆ ದಾರ್ ಎಸ್ ಸಲಾಂನಿಂದ ವಿಮಾನ, ಟಿಕೆಟ್‌ಗೆ ಮೇಲಿನವರ ಹತ್ತಿರ ಹಣ ಕೇಳಬೇಕು. ಬಡತನದ ವ್ರತ ತಗೊಂಡವರ ಕೈಯಲ್ಲಿ ಸ್ವಂತ ಹಣ ಇರುವುದಿಲ್ಲ. ಕೊಡಲಿಲ್ಲವಾ ಅಂದೆ. "ಕೇಳಲೇ ಇಲ್ಲ" ಅಂದರು. ಗಲ್ಫ್‌ನಲ್ಲಿದ್ದ ತಮ್ಮ ಮರುದಿನವೇ ಬಂದು ಎಲ್ಲ ಮುಗಿಸಿದ. ಅಂತ್ಯಕ್ರಿಯೆಯನ್ನು ಯೂಟ್ಯೂಬ್‌ನಲ್ಲಿ ಲೈವ್ ಹಾಕಿದ್ದರು. ಇವರು ಎಂಟು ನಿಮಿಷ ನೋಡಿದರು, ಡೇಟಾ ಮುಗಿಯಿತು. ಅದಾದ ಮೇಲೆ ತಮ್ಮ ಇವರ ಜೊತೆ ಸರಿಯಾಗಿ ಮಾತಾಡಿಲ್ಲ.

ಇನ್ನೊಂದು ಸಂಗತಿಯನ್ನು ಅವರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಅವತ್ತು ಸಂಜೆ ಹಳ್ಳಿಯ ಹೆಂಗಸರು ಬಂದಿದ್ದರಂತೆ. ಅಲ್ಲಿ ಸಾವಿನ ಮನೆಗೆ ಎಲ್ಲರೂ ಹೋಗಿ ಕೂರಬೇಕು, ದಿನಗಟ್ಟಲೆ. "ಪೋಲೆ" ಅನ್ನುತ್ತಾರೆ. ಎಡವಿದವರಿಗೂ ಪೋಲೆ, ದುಡಿದು ಬಂದವರಿಗೂ ಪೋಲೆ, ಸಾವಾದವರಿಗೂ ಪೋಲೆ. ಕನ್ನಡದಲ್ಲಿ ಇದಕ್ಕೆ ಒಂದು ಮಾತು ನನಗೆ ಹೊಳೆಯಲಿಲ್ಲ, 'ಅಯ್ಯೋ ಪಾಪ' ಅಲ್ಲ, ಅದರಲ್ಲಿ ನಾವು ಸ್ವಲ್ಪ ಮೇಲೆ ನಿಂತಿರುತ್ತೇವೆ. ಬರುವಾಗ ಕೈಲಾದಷ್ಟು ಹಣವನ್ನೋ ಹಿಟ್ಟನ್ನೋ ತರುತ್ತಾರೆ. ರಂಬಿರಂಬಿ ಅಂತ ಅದರ ಹೆಸರು. ಆ ಹೆಂಗಸರು ಜಗಲಿಯ ಮೇಲೆ ಚಾಪೆ ಹಾಸಿ ಸುಮ್ಮನೆ ಕೂತರು. ಒಬ್ಬಳು ಬಟ್ಟೆಯಲ್ಲಿ ಹಿಟ್ಟು ಕಟ್ಟಿ ತಂದಿದ್ದಳು. ಸಿಸ್ಟರ್ ಅದನ್ನು ವಾಪಸ್ ಕೊಟ್ಟರು. "ನಿಮ್ಮ ಮಕ್ಕಳಿಗೇ ಸಾಲದು, ತಗೊಂಡು ಹೋಗಿ, ಮನೆಗೆ ಹೋಗಿ ಮಲಗಿ" ಅಂತ ಕಳಿಸಿದರು. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ದವಾಖಾನೆ ತೆಗೆದರು.

"ಬಡವರ ಹತ್ತಿರ ತಗೊಳ್ಳೋದಾ ಮೇಡಂ?"

ನನಗೆ ಗಂಟು ಸಿಕ್ಕಿದ್ದು ಇಲ್ಲಿ. ಕೊಡುವುದಕ್ಕೆ ಅಂತ ಹೋದವರು ಇವರು. ಮನೆಯವರಿಗೆ, ಮಠಕ್ಕೆ, ನೆರವು ಕೊಡುವವರಿಗೆ ಹನ್ನೊಂದು ವರ್ಷ "ಚೆನ್ನಾಗಿದ್ದೇನೆ, ಪ್ರಾರ್ಥಿಸಿ" ಅಂತ ಬರೆದವರು. ಮೇಲಿನವರ ಹತ್ತಿರ ಟಿಕೆಟ್ ಕೇಳಲಿಲ್ಲ, ಹಳ್ಳಿಯವರ ಹತ್ತಿರ ಹಿಟ್ಟು ತಗೊಳ್ಳಲಿಲ್ಲ. ಎರಡೂ ಒಂದೇ ಅಭ್ಯಾಸ. ಅದನ್ನು ತ್ಯಾಗ ಅಂತ ಹೊಗಳಿ ಹೊಗಳಿ ನಾವೇ ಬೆಳೆಸಿದ್ದೂ ಉಂಟು. ರಜೆಗೆ ಬಂದವರನ್ನು ಕೂಡ ಬಿಡುವುದಿಲ್ಲ ನೋಡಿ, ಭಾನುವಾರ ಪೂಜೆಯ ನಂತರ ನಾಲ್ಕು ಮಾತಾಡಿ, ಫೋಟೊ ತೋರಿಸಿ ಅಂತ ಮೂರು ಕಡೆ ಕರೆದಿದ್ದರು. ಒಂದು ಕಡೆ ಮಾತಾಡಿ ಬಂದು ವಾಂತಿ ಮಾಡಿಕೊಂಡಿದ್ದರು. ಉಳಿದ ಎರಡಕ್ಕೆ ಬರುವುದಿಲ್ಲ ಅನ್ನಿ ಅಂದೆ. ಅವರಿಗೆ ಹೇಳಲಾಗಲಿಲ್ಲ, ಅತ್ತಿಗೆ ಹೇಳಿದರು.

ಸಲಹೆಗೆ ಬರುತ್ತೇನೆ. ಮೊದಲು ನೇರವಾಗಿ ಕೇಳಿದೆ, ಸಾಯಬೇಕು ಅನಿಸುತ್ತಾ? "ಇಲ್ಲ. ಬೆಳಿಗ್ಗೆ ಏಳದೇ ಇದ್ರೆ ಚೆನ್ನಾಗಿತ್ತು ಅನಿಸಿದ್ದುಂಟು." ಇದು ಹಗುರಾಗಿ ಬಿಡುವ ಮಾತಲ್ಲ. ಮನೋವೈದ್ಯರ ಹತ್ತಿರ ಕಳಿಸಿದೆ, ಅವರು ಮಾತ್ರೆ ಶುರು ಮಾಡಿದರು. ಮಠದವರಿಗೆ ಗೊತ್ತಾದರೆ ವಾಪಸ್ ಕಳಿಸುವುದಿಲ್ಲ ಅನ್ನುವ ಭಯ ಅವರಿಗೆ. ಅವರು ಒಪ್ಪದೆ ಯಾರಿಗೂ ಒಂದು ಮಾತು ಹೋಗುವುದಿಲ್ಲ, ಆದರೆ ಜೀವಕ್ಕೆ ಅಪಾಯ ಕಂಡರೆ ಸುಮ್ಮನಿರುವುದಿಲ್ಲ ಅಂತ ಹೇಳಿದೆ. 24 ಮಾತ್ರೆಯ ಕಥೆಯನ್ನೂ ನೆನಪಿಸಿದೆ. ನೀವೂ ಎರಡನೇ ದಿನಕ್ಕೆ ಡಬ್ಬಿಗೆ ಹಾಕಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನುವುದನ್ನು ಹೀಗೆ ವಿವರಿಸಿತು: ಕೆಲಸದ ಒತ್ತಡ ನಿಭಾಯಿಸಲಾಗದೆ ಎಷ್ಟೋ ಕಾಲ ಉಳಿದಾಗ ಶಕ್ತಿ ಬತ್ತುತ್ತದೆ, ಕೆಲಸದ ಮೇಲೆ ಜಿಗುಪ್ಸೆ ಬರುತ್ತದೆ, ಮಾಡಿದ್ದು ಸಾಲದು ಅನಿಸುತ್ತದೆ. ಅದನ್ನು ರೋಗ ಅಂತ ಕರೆದಿಲ್ಲ, ಕೆಲಸದಿಂದ ಬರುವ ಸ್ಥಿತಿ ಅಂದಿದೆ. ಇದನ್ನು ಹೇಳುವಾಗ ಜಿಗುಪ್ಸೆಯ ಮಾತಿಗೆ ಸಿಸ್ಟರ್ ತಲೆ ತಗ್ಗಿಸಿದರು. ಮಗುವನ್ನು ತಡವಾಗಿ ಕರೆತಂದ ತಾಯಿಯೊಬ್ಬಳಿಗೆ ಎಲ್ಲರೆದುರು ಬೈದಿದ್ದರಂತೆ, ಆಕೆ ಮತ್ತೆ ಬಂದಿಲ್ಲ. ನಾನು ಕೆಟ್ಟವಳಾಗಿದ್ದೇನೆ ಅಂತ ಅವರ ಲೆಕ್ಕ. ಹನ್ನೊಂದು ವರ್ಷ ಒಬ್ಬರೇ ನರ್ಸ್ ಆಗಿದ್ದೀರಿ ಅಂತ ನನ್ನ ಲೆಕ್ಕ. ಪ್ರಾರ್ಥನೆಯೂ ಒಣಗಿದೆ, ಕಣ್ಣು ಮುಚ್ಚಿದರೆ ಸ್ಟಾಕ್ ರಿಜಿಸ್ಟರ್ ಕಾಣುತ್ತದೆ ಅಂದರು. ಅದು ನನ್ನ ಕ್ಷೇತ್ರ ಅಲ್ಲ, ನಂಬಿಕೆಯ ಹಿರಿಯ ಪಾದ್ರಿ ಒಬ್ಬರ ಹತ್ತಿರ ಮಾತಾಡಿ ಅಂದೆ. "ಎಲ್ರೂ ಮದರ್ ತೆರೇಸಾಗೂ ಹಾಗೇ ಕತ್ತಲೆ ಇತ್ತು ಅಂತಾರೆ. ಅವರು ಸಂತರು ಮೇಡಂ, ನಾನು ನರ್ಸ್" ಅಂದರು. ಈ ಮಾತು ನನಗೆ ತುಂಬ ಹಿಡಿಸಿತು.

ಆಮೇಲೆ ಒಂದು ಪತ್ರ ಬರೆಸಿದೆ, ಮೇಲಿನ ಸಿಸ್ಟರ್‌ಗೆ. ಎರಡನೇ ನರ್ಸ್ ಬೇಕು, ವಾರಕ್ಕೊಂದು ದಿನ ಬಾಗಿಲು ಹಾಕಬೇಕು, ಅಪ್ಪನಿಗೆ 81, ಏನಾದರೂ ಆದರೆ ಕೇಳದೆಯೇ ಟಿಕೆಟ್ ಸಿಗಬೇಕು. ಬರೆಯಲು ಎರಡು ವಾರ ತಗೊಂಡರು. ವಿಧೇಯತೆಯ ವ್ರತ ಇದೆ ಅಂದರು. ಕೇಳಬಾರದು ಅಂತ ವ್ರತದಲ್ಲಿ ಎಲ್ಲಿ ಬರೆದಿದೆ, ತೋರಿಸಿ ಅಂದೆ. ಪತ್ರ ಓದಿದ ಮೇಲಿನವರು, "ಅವತ್ತು ಕೇಳಿದ್ದರೆ ಅವತ್ತೇ ಕಳಿಸುತ್ತಿದ್ದೆ" ಅಂದರಂತೆ. ಅದನ್ನು ಕೇಳಿ ಬಂದ ದಿನ ನನ್ನ ಎದುರು ಮೊದಲ ಸಲ ಅತ್ತರು, ಕೊಂಕಣಿಯಲ್ಲಿ. ನನಗೆ ಅರ್ಧ ಅರ್ಥವಾಯಿತು.

ಅಮ್ಮ ಪ್ರತಿ ವರ್ಷ ಸೆಪ್ಟೆಂಬರ್ 8ರ ಮೊಂತಿ ಹಬ್ಬ (ಮೇರಿ ಮಾತೆಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು) ಮುಗಿದ ಮೇಲೆ, ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಕೊಟ್ಟ ಹೊಸ ತೆನೆಯ ನಾಲ್ಕು ಕಾಳು ಕವರಿನಲ್ಲಿ ಹಾಕಿ ಕಳಿಸುತ್ತಿದ್ದರಂತೆ. ಕೊನೆಯ ಕವರು ತಲುಪಿದ್ದು ಅಮ್ಮ ಹೋಗಿ ಮೂರು ವಾರಕ್ಕೆ. ಒಡೆದಿರಲಿಲ್ಲ, ಪ್ರಾರ್ಥನೆಯ ಪುಸ್ತಕದೊಳಗೇ ಇತ್ತು. ಏನು ಮಾಡಲಿ ಅಂತ ಕೇಳಿದರು. ಹಬ್ಬದ ತನಕ ಇರ್ತೀರಲ್ಲ, ತಮ್ಮನನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿ ಮನೆಯಲ್ಲೇ ಒಡೆಯಿರಿ ಅಂದೆ. ಒಡೆದರು. ಹಬ್ಬದ ರೂಢಿಯಂತೆ ಹಾಲಿಗೆ ಕಾಳು ಹಾಕುವಾಗ ಹಳೆ ಕಾಳು, ಹೊಸ ಕಾಳು ಎರಡನ್ನೂ ಒಂದೇ ಹಾಲಿಗೆ ಹಾಕಿದರಂತೆ. ತಮ್ಮ ಜಾಸ್ತಿ ಮಾತಾಡಲಿಲ್ಲ, ಆದರೆ ಕಾಲ್ ಕಟ್ ಮಾಡಲಿಲ್ಲ.

ಕೊನೆಯ ಭೇಟಿಯಲ್ಲಿ ಹಿಟ್ಟಿನ ಮಾತು ತೆಗೆದೆ. ವಾಪಸ್ ಹೋದ ಮೇಲೆ ಆ ಹೆಂಗಸರ ಮನೆಗೆ ಹೋಗಿ. ಬಿಸ್ಕತ್ತು, ಔಷಧ, ಬಟ್ಟೆ ಏನೂ ತಗೊಂಡು ಹೋಗಬೇಡಿ, ಬರಿಗೈಲಿ ಹೋಗಿ ಕೂತುಕೊಳ್ಳಿ. ಅಮ್ಮನ ಬಗ್ಗೆ ಹೇಳಿ. ಏನಾದರೂ ಕೊಟ್ಟರೆ ತಗೊಳ್ಳಿ. ವಾದಕ್ಕೆ ಬಂದರು, ಕೊಯ್ಲಿನ ಮುಂಚಿನ ತಿಂಗಳುಗಳಲ್ಲಿ ಅವರಿಗೇ ಒಂದು ಹೊತ್ತಿನ ಊಟ, ನಿಮಗೆ ಗೊತ್ತಿಲ್ಲ ಮೇಡಂ ಅಂತ. ಗೊತ್ತಿಲ್ಲ, ನಿಜ. ಹಾಗಾದರೆ ಒಂದು ಹಿಡಿ ತಗೊಳ್ಳಿ ಅಂದೆ. ಸ್ವಲ್ಪ ಹೊತ್ತು ಕೈ ನೋಡಿಕೊಂಡರು.

ನವೆಂಬರ್‌ನಲ್ಲಿ ವಾಟ್ಸಾಪ್‌ಗೆ ಧ್ವನಿ ಸಂದೇಶ ಬಂತು, ಹಿಂದೆ ಕೋಳಿಗಳ ಸದ್ದು. ಹೋಗಿದ್ದರಂತೆ. ಹಿಟ್ಟು ತಂದಿದ್ದ ಅಜ್ಜಿ ಮೊದಲು ಒಳಗೆ ಕರೆಯಲೇ ಇಲ್ಲ. "ಅವತ್ತು ನಮ್ಮನ್ನು ರೋಗಿಗಳ ಹಾಗೆ ಮನೆಗೆ ಕಳಿಸಿದೆ" ಅಂತ ಬೈದಳು. ಆಮೇಲೆ ಚಾಪೆ ಹಾಸಿ, ನಿನ್ನ ಅಮ್ಮನಿಗೆ ಎಷ್ಟು ಮಕ್ಕಳು, ಹೇಗೆ ಸತ್ತಳು, ಯಾರು ಮಣ್ಣು ಹಾಕಿದರು ಅಂತ ಒಂದೊಂದೇ ಕೇಳಿದಳು. ಬರುವಾಗ ಕೈಯಲ್ಲಿ ಹಿಟ್ಟು ಇತ್ತು. ಒಂದು ಹಿಡಿಗಿಂತ ಜಾಸ್ತಿ.

ಈಗ ನಾಲ್ಕರವರೆಗೆ ನಿದ್ದೆ ಬರುತ್ತದೆ, ಮಾತ್ರೆ ನಡೆಯುತ್ತಿದೆ, ಗುರುವಾರ ಬಾಗಿಲು ಹಾಕುತ್ತಾರೆ, ಆದರೂ ಯಾರಾದರೂ ಬಂದು ತಟ್ಟುತ್ತಾರೆ. ಎರಡನೇ ನರ್ಸ್ ಇನ್ನೂ ಬಂದಿಲ್ಲ. ಇನ್ನೊಂದು ಪತ್ರ ಬರೆಯಿರಿ ಅಂದಿದ್ದೇನೆ.