ಟೌ ನ್ಯೂಟ್ರಿನೋ ಹುಡುಕಲು ಯಾವ ನ್ಯೂರಲ್ ನೆಟ್‌ವರ್ಕ್ ಒಳ್ಳೆಯದು? ಎಲೆಕ್ಟ್ರಾನ್ ನ್ಯೂಟ್ರಿನೋದಿಂದ ಬೇರ್ಪಡಿಸುವುದರಲ್ಲಿ ನನಗೆ 99% ಸಿಕ್ಕಿದೆ

ನಿಮ್ಮ 99% ನೋಡಿದ ಕೂಡಲೇ ನನ್ನ ಪಿಎಚ್‌ಡಿಯ ಎರಡನೇ ವರ್ಷ ಕಣ್ಣ ಮುಂದೆ ಬಂತು. ನನಗೂ ಸಿಮ್ಯುಲೇಷನ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ ಕೃತಕ ಘಟನೆಗಳಲ್ಲಿ) ಹೆಚ್ಚುಕಡಿಮೆ ಅಷ್ಟೇ ಬಂದಿತ್ತು. ಅದನ್ನು ನಂಬಿ ಎಂಟು ತಿಂಗಳು ಕಳೆದೆ.

ಆಗ ನಾನು ಜರ್ಮನಿಯಲ್ಲಿದ್ದೆ. ಐಸ್‌ಕ್ಯೂಬ್‌ ಅನ್ನುವ ನ್ಯೂಟ್ರಿನೋ ಡಿಟೆಕ್ಟರ್ ಮೇಲೆ ಕೆಲಸ. ನ್ಯೂಟ್ರಿನೋ ಅಂದರೆ ಯಾವುದಕ್ಕೂ ಸುಲಭವಾಗಿ ಡಿಕ್ಕಿ ಹೊಡೆಯದ ಪುಟ್ಟ ಕಣ; ಎಲೆಕ್ಟ್ರಾನ್, ಮ್ಯುವಾನ್, ಟೌ ಅಂತ ಅದರಲ್ಲಿ ಮೂರು ಜಾತಿ. ದಕ್ಷಿಣ ಧ್ರುವದ ಮಂಜುಗಡ್ಡೆಯಲ್ಲಿ 1,450ರಿಂದ 2,450 ಮೀಟರ್ ಆಳದವರೆಗೆ 86 ಸ್ಟ್ರಿಂಗ್‌ಗಳಲ್ಲಿ (ಕೆಳಗೆ ಇಳಿಬಿಟ್ಟ ಕೇಬಲ್‌ಗಳಲ್ಲಿ) 5,160 ಬೆಳಕಿನ ಸೆನ್ಸರ್‌ಗಳಿವೆ. ಟೌ ನ್ಯೂಟ್ರಿನೋ ಅಲ್ಲಿ ಡಿಕ್ಕಿ ಹೊಡೆದರೆ ಮೊದಲು ಒಂದು ಮಿಂಚು. ಅದರಲ್ಲಿ ಹುಟ್ಟಿದ ಟೌ ಕಣ ಸ್ವಲ್ಪ ದೂರ ಓಡಿ ಒಡೆಯುತ್ತದೆ, ಆಗ ಎರಡನೇ ಮಿಂಚು. ಟೌ ಕಣಕ್ಕೆ 1 ಪಿಇವಿ (ಕಣಗಳ ಶಕ್ತಿಯ ಅಳತೆ, 1,000 ಟಿಇವಿ) ಶಕ್ತಿ ಇದ್ದರೆ ಆ ದೂರ ಸರಾಸರಿ 50 ಮೀಟರ್. 100 ಟಿಇವಿ ಆದರೆ ಬರೀ 5 ಮೀಟರ್. ಸ್ಟ್ರಿಂಗ್‌ಗಳ ನಡುವೆ ಸುಮಾರು 125 ಮೀಟರ್ ಅಂತರ ಇದೆ, ಹಾಗಾಗಿ ಎರಡು ಮಿಂಚು ಸಾಮಾನ್ಯವಾಗಿ ಒಂದರಲ್ಲೊಂದು ಕಲಸಿಹೋಗುತ್ತವೆ. ತೀರಾ ಹತ್ತಿರದ ಸೆನ್ಸರ್‌ನ ಸಿಗ್ನಲ್‌ನಲ್ಲಿ ಎರಡು ಉಬ್ಬು ಕಂಡರೆ ಅದೇ ದೊಡ್ಡದು. ನನ್ನ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ) ಹುಡುಕಬೇಕಿದ್ದದ್ದು ಆ ಎರಡು ಉಬ್ಬುಗಳನ್ನು.

ನಾನು ಮಾಡಿದ ತಪ್ಪು ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲೂ ಅದೇ ಕಾಣುತ್ತಿದೆ. ಬ್ಯಾಕ್‌ಗ್ರೌಂಡ್ (ಟೌ ಅಲ್ಲದ, ತೆಗೆದುಹಾಕಬೇಕಾದ ಘಟನೆಗಳು) ಅಂತ ನಾನು ತರಬೇತಿಗೆ ಕೊಟ್ಟದ್ದು ಒಂದೇ ಮಿಂಚಿನ ಘಟನೆಗಳನ್ನು, ಅಂದರೆ ಮುಖ್ಯವಾಗಿ ಎಲೆಕ್ಟ್ರಾನ್ ನ್ಯೂಟ್ರಿನೋಗಳನ್ನು. ಮ್ಯುವಾನ್ ನ್ಯೂಟ್ರಿನೋಗಳನ್ನು ಬಿಟ್ಟೆ. ಅವು ಡಿಕ್ಕಿ ಹೊಡೆದಾಗ ಹುಟ್ಟುವ ಮ್ಯುವಾನ್ ಕಣ ನೂರಾರು ಮೀಟರ್ ಉದ್ದಕ್ಕೆ ಗೆರೆ ಎಳೆದುಕೊಂಡು ಹೋಗುತ್ತದೆ ಅಲ್ವಾ, ಅದು ಮೊದಲ ಜರಡಿಯಲ್ಲೇ ಹೋಗುತ್ತದೆ ಅಂದುಕೊಂಡೆ. ಮಧ್ಯದಲ್ಲಿ ನಡೆದರೆ ಅದು ನಿಜ. ಆದರೆ ಡಿಟೆಕ್ಟರಿನ ಅಂಚಿನಲ್ಲಿ ಡಿಕ್ಕಿ ಆಗಿ, ಮ್ಯುವಾನ್ ಹೊರಗಡೆಗೆ ಹೊರಟರೆ? ಗೆರೆ ಕಾಣುವುದೇ ಇಲ್ಲ. ಡಿಕ್ಕಿಯ ಮಿಂಚು ಒಂದು. ಹೊರಗೆ ಹೋಗುವ ಮುಂಚೆ ಮ್ಯುವಾನ್ ಒಮ್ಮೆಗೇ ಜಾಸ್ತಿ ಶಕ್ತಿ ಚೆಲ್ಲಿದರೆ ಇನ್ನೊಂದು. ಎರಡು ಉಬ್ಬು! ನೆಟ್‌ವರ್ಕ್ ಅದನ್ನು ಪೂರ್ತಿ ವಿಶ್ವಾಸದಿಂದ ಟೌ ಅಂದಿತು. ಅದರ ತಪ್ಪೇನೂ ಇಲ್ಲ, ಅಂಥದ್ದನ್ನು ನಾನು ಅದಕ್ಕೆ ತೋರಿಸಿಯೇ ಇರಲಿಲ್ಲ. ಪರೀಕ್ಷೆಗೂ ಅದೇ ಥರದ ಸ್ಯಾಂಪಲ್ ಇಟ್ಟಿದ್ದರಿಂದ 99% ಬರುತ್ತಲೇ ಇತ್ತು. ಸಹೋದ್ಯೋಗಿಯೊಬ್ಬರು ನಾನು ಆರಿಸಿದ ಘಟನೆಗಳ ಜಾಗ ಗುರುತು ಹಾಕಿ ನೋಡಿದರು. ಬಹುಪಾಲು ಹೊರಗಿನ ಸ್ಟ್ರಿಂಗ್‌ಗಳ ಮೇಲೇ ಕೂತಿದ್ದವು. ಆ ವರ್ಷ ಕೊಡಬೇಕಿದ್ದ ಭಾಷಣವನ್ನು ಹಿಂದಕ್ಕೆ ತೆಗೆದುಕೊಂಡೆ.

ಹಾಗಾಗಿ ಯಾವ ನೆಟ್‌ವರ್ಕ್ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವುದಾದರೂ ತಗೊಳ್ಳಿ. ಐಸ್‌ಕ್ಯೂಬ್‌ಗೆ ಮೇಲಿನ ವಾತಾವರಣದಿಂದ ಸೆಕೆಂಡಿಗೆ ಎರಡು ಸಾವಿರಕ್ಕೂ ಜಾಸ್ತಿ ಮ್ಯುವಾನ್ ಬರುತ್ತವೆ. ಅಲ್ಲಿ ನೂರಕ್ಕೆ ಒಂದು ತಪ್ಪು ಅಂದರೆ ಏನು ಉಳಿಯುತ್ತದೆ ಲೆಕ್ಕ ಹಾಕಿ. ಐಸ್‌ಕ್ಯೂಬ್ ತಂಡದವರು 2024ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ 9.7 ವರ್ಷದ ಡೇಟಾದಿಂದ ಸಿಕ್ಕಿದ್ದು 7 ಟೌ ಅಭ್ಯರ್ಥಿಗಳು. ಅವುಗಳಲ್ಲಿ ತಪ್ಪಾಗಿ ಸೇರಿರಬಹುದಾದ ಬ್ಯಾಕ್‌ಗ್ರೌಂಡ್ ಅಂದಾಜು ಸುಮಾರು 0.5 ಘಟನೆ. ನನಗೆ ಆ 7ಕ್ಕಿಂತ ಈ 0.5 ದೊಡ್ಡ ಸಾಧನೆ ಅನ್ನಿಸುತ್ತದೆ. ಅವರು ಬಳಸಿದ್ದು ಚಿತ್ರ ಗುರುತಿಸಲು ಬಳಸುವ ಮಾಮೂಲಿ ಕನ್ವಲ್ಯೂಷನ್ ನೆಟ್‌ವರ್ಕ್‌ಗಳೇ, ಆದರೆ ಮೂರು, ಬೇರೆ ಬೇರೆ ಬ್ಯಾಕ್‌ಗ್ರೌಂಡ್ ತೆಗೆಯಲಿಕ್ಕೆ. ಚಾರ್ಮ್ ಕ್ವಾರ್ಕ್ ಇರುವ ಕಣಗಳನ್ನೂ ಮರೆಯಬೇಡಿ. ಅವೂ ಸ್ವಲ್ಪ ಓಡಿ ಒಡೆದು ಎರಡನೇ ಮಿಂಚು ಕೊಡಬಲ್ಲವು.

ಇಷ್ಟು ಕಷ್ಟಪಡಬೇಕಾ ಅಂತ ಅನ್ನಿಸಿದರೆ, ಖಂಡಿತ ಪಡಬೇಕು. ದೂರದ ಮೂಲಗಳಲ್ಲಿ ಟೌ ನ್ಯೂಟ್ರಿನೋ ಹುಟ್ಟುವುದೇ ಇಲ್ಲ ಅನ್ನಬಹುದು. ದಾರಿಯಲ್ಲಿ ಬೇರೆ ಜಾತಿಯವು ಬದಲಾಗಿ ಟೌ ಆಗಿ ಬರುತ್ತವೆ. ಭೂಮಿಯ ವಾತಾವರಣದಲ್ಲಂತೂ ಈ ಶಕ್ತಿಯ ಟೌ ನ್ಯೂಟ್ರಿನೋ ಹುಟ್ಟುವುದು ತೀರಾ ಕಡಿಮೆ. ಸಿಕ್ಕಿದರೆ ಅದು ಬಹುಮಟ್ಟಿಗೆ ಬಾಹ್ಯಾಕಾಶದ್ದೇ.

ಈ ವಾರ ಹೊಸ ನೆಟ್‌ವರ್ಕ್ ಏನೂ ಓಡಿಸಬೇಡಿ. ಮ್ಯುವಾನ್ ನ್ಯೂಟ್ರಿನೋ ಸಿಮ್ಯುಲೇಷನ್ ತಗೊಂಡು ಈಗಿರುವ ನೆಟ್‌ವರ್ಕ್‌ಗೆ ಕೊಡಿ. ಅದು ಟೌ ಅಂದ ಮೊದಲ ನೂರು ಘಟನೆಗಳ ಸಿಗ್ನಲ್‌ಗಳನ್ನು ಒಂದೊಂದಾಗಿ ಕಣ್ಣಾರೆ ನೋಡಿ. ಎಲ್ಲಿ ನಡೆದವು ಅಂತ ಪಕ್ಕದಲ್ಲಿ ಬರೆದುಕೊಳ್ಳಿ.